ಬಿಚ್ಚಿದ ದೊಡ್ಡ ಚಕ್ರ ಎಲ್ಲಿಡೋದು? ಸ್ಟೆಪ್ನಿ ಮತ್ತು ಡಿಕ್ಕಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಸ್ಟೆಪ್ನಿ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ಸರ್, ನಮ್ಮ ಕಾರಿನ ಟೈರ್ 205/55 ಆರ್16. ಡಿಕ್ಕಿಯಲ್ಲಿ ಕೊಟ್ಟಿರುವ ಸ್ಟೆಪ್ನಿ ಮಾತ್ರ ತೆಳ್ಳಗಿದೆ, ಅದರ ಮೇಲೆ ಟಿ125/90 ಆರ್16 ಅಂತ ಬರೆದಿದೆ. ಹೋದ ತಿಂಗಳು ಮಳೆಯಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿದೆವು, ಆದರೆ ಬಿಚ್ಚಿದ ಚಕ್ರ ಆ ಗುಂಡಿಯಲ್ಲಿ ಕೂರಲೇ ಇಲ್ಲ. ಮೇಲಿನ ಹಲಗೆ ಮುಚ್ಚಲಿಲ್ಲ. ಬ್ಯಾಗುಗಳನ್ನೆಲ್ಲ ಕಾಲ ಬುಡದಲ್ಲಿ ತುರುಕಿಕೊಂಡು ಮನೆ ಸೇರಿದೆವು. ಫುಲ್ ಸೈಜ್ ಸ್ಟೆಪ್ನಿ ಇಟ್ಟುಕೊಳ್ಳೋಣ ಅಂದರೆ ಅದು ಹಿಡಿಸುತ್ತದಾ? ಗುಂಡಿಯನ್ನು ದೊಡ್ಡದು ಮಾಡಿಸಬಹುದಾ?

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ಗುಂಡಿಯನ್ನು ಕೊಯ್ಯುವುದು, ಬಡಿದು ಅಗಲ ಮಾಡುವುದು, ಹೊಸ ತಗಡು ವೆಲ್ಡ್ ಮಾಡಿಸುವುದು, ಯಾವುದೂ ಬೇಡ. ಅದು ಬರೀ ಚಕ್ರ ಇಡುವ ಪಾತ್ರೆ ಅಲ್ಲ. ಕಾರಿನ ಹಿಂಭಾಗದ ಗಟ್ಟಿತನಕ್ಕೆ ಅದೂ ಹೆಗಲು ಕೊಡುತ್ತದೆ. ಕೆಳಗೆ ಸೈಲೆನ್ಸರ್ ಇರುತ್ತದೆ, ಪಕ್ಕದಲ್ಲೇ ವೈರು ಪೈಪುಗಳು ಹೋಗಿರುತ್ತವೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ಟು ತಿನ್ನುವ ಜಾಗವೂ ಅದೇ.

ಈಗ ಹಿಡಿಸುತ್ತದಾ ಅನ್ನುವ ವಿಷಯ. ನೀವು ಎರಡೂ ಟೈರಿನ ಅಳತೆ ಬರೆದದ್ದು ಒಳ್ಳೆಯದಾಯಿತು, ಲೆಕ್ಕ ಹಾಕಿಯೇ ನೋಡೋಣ. 16 ಇಂಚಿನ ರಿಮ್ ಅಂದರೆ 406.4 ಮಿ.ಮೀ. ನಿಮ್ಮ ಟೈರಿನ ಅಗಲ 205, ಅದರಲ್ಲಿ ಶೇಕಡಾ 55 ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ 112.75. ಮೇಲೊಂದು ಕೆಳಗೊಂದು ಸೇರಿ 225.5. ಒಟ್ಟು ಚಕ್ರದ ಎತ್ತರ 631.9 ಮಿ.ಮೀ. ಇದೇ ಲೆಕ್ಕ ಆ ತೆಳ್ಳನೆಯ ಸ್ಟೆಪ್ನಿಗೆ ಹಾಕಿದರೆ 631.4 ಬರುತ್ತದೆ. ನೋಡಿದಿರಾ? ಸುತ್ತಳತೆಯಲ್ಲಿ ಎರಡೂ ಒಂದೇ. ಕಣ್ಣಿಗೆ ಸಣ್ಣದು ಅನ್ನಿಸುವುದು ಅದರ ದಪ್ಪ ಕಡಿಮೆ ಇರುವುದರಿಂದ. ಕಾರು ಒಂದು ಕಡೆ ವಾಲದೆ ಓಡಬೇಕಲ್ಲ, ಅದಕ್ಕೆ ಎತ್ತರವನ್ನು ಹೆಚ್ಚು ಕಡಿಮೆ ಹಾಗೇ ಉಳಿಸಿ ದಪ್ಪ ಮಾತ್ರ ಇಳಿಸಿರುತ್ತಾರೆ.

ಹಾಗಾಗಿ ನಿಮ್ಮ ತೊಂದರೆ ಇರುವುದು ಗುಂಡಿಯ ಅಗಲದಲ್ಲಿ ಅಲ್ಲ, ಆಳದಲ್ಲಿ. 125ಕ್ಕೆ ಮಾಡಿದ ಗುಂಡಿಯಲ್ಲಿ 205 ಇಟ್ಟರೆ 80 ಮಿ.ಮೀ. ಮೇಲೆ ಉಳಿಯುತ್ತದೆ. ಮೂರು ಇಂಚಿಗೂ ಸ್ವಲ್ಪ ಜಾಸ್ತಿ. ಅಷ್ಟು ಎತ್ತರ ಬಿಟ್ಟುಕೊಡಲು ನೀವು ತಯಾರಿದ್ದರೆ ಫುಲ್ ಸೈಜ್ ಕೂರುತ್ತದೆ. ಡಿಕ್ಕಿಯ ನೆಲ ಒಂದು ಮೀಟರ್ ಅಗಲ, 80 ಸೆಂ.ಮೀ. ಉದ್ದ ಅಂತ ಇಟ್ಟುಕೊಂಡರೆ ಸುಮಾರು 64 ಲೀಟರ್ ಜಾಗ ಹೋಗುತ್ತದೆ. ಒಂದು ಮಧ್ಯಮ ಸೂಟ್‌ಕೇಸಿನಷ್ಟು. ಆ ಸೂಟ್‌ಕೇಸ್ ನಿಮಗೆ ಬೇಕಾ, ಚಕ್ರ ಬೇಕಾ ಅನ್ನುವುದು ನೀವು ಎಂಥ ದಾರಿಯಲ್ಲಿ ಎಷ್ಟು ದೂರ ಓಡಾಡುತ್ತೀರಿ ಅನ್ನುವುದರ ಮೇಲೆ ಇದೆ. ನನ್ನನ್ನು ಕೇಳಿದರೆ, ಊರಿಂದೂರಿಗೆ ಓಡಾಡುವವರು ಚಕ್ರವನ್ನೇ ಆರಿಸಿಕೊಳ್ಳಬೇಕು. ತೆಳ್ಳನೆಯ ಸ್ಟೆಪ್ನಿಯ ಮೇಲೆ 80 ಅಂತ ದೊಡ್ಡದಾಗಿ ಬರೆದಿರುತ್ತಾರೆ, ಗಂಟೆಗೆ 80 ಕಿ.ಮೀ. ದಾಟಬಾರದು ಅಂತ. ಅದರ ನೆಲ ಹಿಡಿಯುವ ಪಟ್ಟಿ ಸಣ್ಣದು, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಜಾಸ್ತಿ ದೂರ ಬೇಕು. ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟುವುದಕ್ಕೆ ಅದು ಸಾಕು, ಇನ್ನೂರು ಮುನ್ನೂರು ಕಿಲೋಮೀಟರ್ ಪ್ರಯಾಣ ಮುಗಿಸುವುದಕ್ಕೆ ಸಾಲದು.

ಆದರೆ ಲೆಕ್ಕವನ್ನೇ ನಂಬಿ ಚಕ್ರ ಕೊಳ್ಳಲು ಹೋಗಬೇಡಿ. ಗುಂಡಿಯ ಗೋಡೆ ನೇರ ಇರುವುದಿಲ್ಲ, ಕೆಳಗೆ ಹೋದಂತೆ ಕಿರಿದಾಗುತ್ತದೆ, ಬಕೆಟ್ ಇದ್ದ ಹಾಗೆ. ಮೇಲೆ ಸಲೀಸಾಗಿ ಇಳಿದ ಚಕ್ರ ಅರ್ಧದಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ನೋಡಲು ಖರ್ಚಿಲ್ಲದ ಒಂದು ದಾರಿ ಇದೆ. ದಪ್ಪ ರಟ್ಟಿನ ಮೇಲೆ 316 ಮಿ.ಮೀ. (ಚಕ್ರದ ಎತ್ತರದ ಅರ್ಧ) ದಾರ ಕಟ್ಟಿ ಪೆನ್ಸಿಲ್ಲಿನಲ್ಲಿ ವೃತ್ತ ಎಳೆದು ಕತ್ತರಿಸಿ. ಅದೇ ನಿಮ್ಮ ಚಕ್ರ. ಗುಂಡಿಯಲ್ಲಿರುವ ಸ್ಟೆಪ್ನಿ, ಥರ್ಮೋಕೋಲ್ ತಟ್ಟೆ, ಜಾಕ್ ಎಲ್ಲ ತೆಗೆದು, ನಡುವಿನ ಸ್ಕ್ರೂ ನಿಂತೇ ಇರುವಂಥದ್ದಾದರೆ ಅದಕ್ಕೆ ರಟ್ಟಿನಲ್ಲಿ ತೂತು ಮಾಡಿ, ಮಟ್ಟಸವಾಗಿ ಕೆಳಗೆ ಇಳಿಸಿ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ಆಮೇಲೆ ಗುಂಡಿಯ ಬಾಯಿಗೆ ಅಡ್ಡಲಾಗಿ ಒಂದು ನೇರ ಕೋಲು ಇಟ್ಟು, ಅಲ್ಲಿಂದ ಆ ಗುರುತಿನವರೆಗೆ ಟೇಪಿನಲ್ಲಿ ಅಳೆಯಿರಿ. ಟೈರಿನ ಅಂಚು ಗುಂಡಗಿರುತ್ತದೆ, ಹಾಗಾಗಿ ನಿಜವಾದ ಚಕ್ರ ರಟ್ಟಿಗಿಂತ ಸ್ವಲ್ಪ ಕೆಳಗೇ ಇಳಿಯುತ್ತದೆ. ಹಾಗೆಯೇ 205 ಅನ್ನುವುದು ಹೆಸರಿನ ಅಗಲ, ರಿಮ್ಮಿಗೆ ಕೂರಿಸಿ ಗಾಳಿ ತುಂಬಿದಾಗ ಐದು ಹತ್ತು ಮಿ.ಮೀ. ಆಚೀಚೆ ಆಗುತ್ತದೆ.

ಇದಕ್ಕಿಂತ ಗಟ್ಟಿ ಪರೀಕ್ಷೆ ಬೇಕಾದರೆ ರಜೆಯ ದಿನ ಬೆಳಿಗ್ಗೆ ಮನೆ ಮುಂದೆ ಮಟ್ಟವಾದ ಜಾಗದಲ್ಲಿ ಕಾರು ನಿಲ್ಲಿಸಿ, ಒಂದು ಚಕ್ರ ಬಿಚ್ಚಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿ, ಬಿಚ್ಚಿದ್ದನ್ನು ಗುಂಡಿಯಲ್ಲಿ ಇಟ್ಟು ನೋಡಿ. ಒಂದು ಗಂಟೆಯ ಕೆಲಸ. ಜಾಕ್ ಸರಿ ಇದೆಯಾ, ಸ್ಪ್ಯಾನರ್ ನಟ್ಟಿಗೆ ಕೂರುತ್ತದಾ, ಗಾಳಿ ಇದೆಯಾ ಅನ್ನುವುದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ಫುಲ್ ಸೈಜ್ ಕೊಳ್ಳುವ ಯೋಚನೆ ಇಲ್ಲದವರೂ ಇದನ್ನು ಒಮ್ಮೆ ಮಾಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ ನಿಮಗೆ ಆದದ್ದು ತೆಳ್ಳನೆಯ ಸ್ಟೆಪ್ನಿ ಇರುವ ಬಹಳ ಜನರಿಗೂ ಆಗುತ್ತದೆ: ಗುಂಡಿ ಖಾಲಿಯಾಗುತ್ತದೆ, ಅದರೊಳಗೆ ಹೋಗಬೇಕಾದ್ದು ಮಾತ್ರ ಹೋಗುವುದಿಲ್ಲ. ಕೆಸರು ಮೆತ್ತಿದ 20 ಕೆಜಿ ಚಕ್ರವನ್ನು ಎಲ್ಲಿ ಇಡುತ್ತೇವೆ ಅನ್ನುವುದನ್ನು ಕತ್ತಲಲ್ಲಿ ರಸ್ತೆ ಬದಿ ನಿಂತು ಯೋಚಿಸುವ ಹಾಗಾಗಬಾರದು, ಅಲ್ವಾ?

ಪ್ರಶ್ನೆ: ನಾನು ಫುಲ್ ಸೈಜ್ ಇಟ್ಟಾಗಿದೆ. ಹಲಗೆ ಟೈರಿನ ಮೇಲೆ ಕೂತು ಅಲ್ಲಾಡುತ್ತಿದೆ, ಒಂದು ಮೂಲೆ ಬಿರುಕೂ ಬಿಟ್ಟಿದೆ. ಏನು ಮಾಡಲಿ?

ಉತ್ತರ: ಕಾರಿನ ಜೊತೆ ಬಂದ ಹಲಗೆ ಒತ್ತಿ ಮಾಡಿದ ತೆಳು ಹಲಗೆ. ಅದು ಸುತ್ತಲೂ ಅಂಚಿನ ಮೇಲೆ ಕೂರಬೇಕು ಅಂತ ಮಾಡಿದ್ದು, ನಡುವಿನ ಒಂದು ದಿಬ್ಬದ ಮೇಲೆ ಅಲ್ಲ. ಈಗ ನಿಮ್ಮಲ್ಲಿ ಅದು ತಕ್ಕಡಿ ಹಾಗೆ ಆಡುತ್ತಿದೆ, ಮುರಿಯದೆ ಇನ್ನೇನಾಗುತ್ತದೆ.

ಮೊದಲು ಒಂದು ವಿಷಯ ನೋಡಿ. ಕೆಲವು ಕಾರುಗಳಲ್ಲಿ ಡಿಕ್ಕಿಯ ಹಲಗೆಗೆ ಎರಡು ಮಟ್ಟ ಇರುತ್ತದೆ, ಪಕ್ಕದ ಗೋಡೆಯಲ್ಲಿ ಕೆಳಗೊಂದು ಮೇಲೊಂದು ಹಲಗೆ ಕೂರುವ ತೋಡು ಇರುತ್ತದೆ. ನಿಮ್ಮದರಲ್ಲಿ ಹಾಗಿದ್ದರೆ ಮೇಲಿನ ಮಟ್ಟಕ್ಕೆ ಎತ್ತಿ ಇಡಿ, ಕೆಲಸ ಮುಗಿಯಿತು.

ಇಲ್ಲದಿದ್ದರೆ ಸುತ್ತಲೂ ಆಸರೆ ಕೊಡಬೇಕು. ಚಕ್ರ ಎಷ್ಟು ಮೇಲೆ ಬಂದಿದೆ ಅಂತ ಅಳೆದು, ಅದಕ್ಕಿಂತ ಐದು ಮಿ.ಮೀ. ಜಾಸ್ತಿ ಎತ್ತರದ ಗಟ್ಟಿ ಫೋಮ್ ಪಟ್ಟಿಗಳನ್ನು ನಾಲ್ಕೂ ಕಡೆ ಇಡಿ. ಭಾರ ಫೋಮಿನ ಮೇಲೆ ಬೀಳಬೇಕು, ಟೈರಿನ ಮೇಲೆ ಅಲ್ಲ. ಒತ್ತಿದರೆ ಬೆರಳು ಒಳಗೆ ಹೋಗುವ ಹಾಸಿಗೆಯ ಫೋಮ್ ಬೇಡ. ಮೇಲೆ 12 ಮಿ.ಮೀ. ಪ್ಲೈವುಡ್ ಸಾಕು. ಅಳತೆಗೆ ಹಳೆಯ ಹಲಗೆಯನ್ನೇ ಪ್ಲೈ ಮೇಲೆ ಇಟ್ಟು ಗೆರೆ ಎಳೆಯಿರಿ, ಆದರೆ ಮೇಲೆ ಹೋದಂತೆ ಡಿಕ್ಕಿಯ ಗೋಡೆ ಒಳಗೆ ಬಾಗಿರಬಹುದು, ಅಂಚನ್ನು ಅಲ್ಲಲ್ಲಿ ಉಜ್ಜಬೇಕಾಗುತ್ತದೆ. ಒಂದೇ ತುಂಡು ಮಾಡಬೇಡಿ. ಅಡ್ಡಲಾಗಿ ಎರಡು ಮಾಡಿ ಕೀಲು ಹಾಕಿಸಿ, ಆಗ ಹಿಂದಿನ ಅರ್ಧ ಮಾತ್ರ ಎತ್ತಿ ಜಾಕ್ ತೆಗೆಯಬಹುದು, ಸಾಮಾನನ್ನೆಲ್ಲ ಇಳಿಸುವ ಗೋಜಿರುವುದಿಲ್ಲ. ಪ್ಲೈ ಬರಿಯಾಗಿದ್ದರೆ ಸಾಮಾನು ಜಾರುತ್ತದೆ, ಹಳೆಯ ಕಾರ್ಪೆಟ್ ತೆಗೆದು ಅದಕ್ಕೆ ಅಂಟಿಸಿ. ಗುಂಡಿಯ ಸುತ್ತ ಫೋಮ್ ಪಟ್ಟಿಗಳ ನಡುವೆ ಖಾಲಿ ಉಳಿಯುವ ಜಾಗ ಸುಮ್ನೆ ಬಿಡಬೇಡಿ. ತ್ರಿಕೋನ ಫಲಕ, ಟಾರ್ಚ್, ಕೈಗವಸು, ಗಾಳಿ ಪಂಪು ಎಲ್ಲ ಅಲ್ಲೇ ಹೋಗುತ್ತವೆ.

ಮಕ್ಕಳ ಸೀಟು ಹಾಕುವವರು ಇಲ್ಲಿ ಗಮನ ಕೊಡಿ. ಸೀಟಿನ ಮೇಲ್ಪಟ್ಟಿ ಕೊಕ್ಕೆ ಸಿಕ್ಕಿಸುವ ಕೊಂಡಿ ಕೆಲವು ಕಾರುಗಳಲ್ಲಿ ಡಿಕ್ಕಿಯ ನೆಲದಲ್ಲಿ ಇರುತ್ತದೆ. ನೆಲ ಎತ್ತರಿಸಿದಾಗ ಅದು ಒಳಗೆ ಹೂತುಹೋಗಬಾರದು. ಆ ಜಾಗದಲ್ಲಿ ಪ್ಲೈಯನ್ನು ಕತ್ತರಿಸಿ ಕೈ ಹೋಗುವಷ್ಟು ಕಿಂಡಿ ಬಿಡಿ.

ಪ್ರಶ್ನೆ: ದೊಡ್ಡ ಸ್ಟೆಪ್ನಿಯನ್ನು ಹೊರಮುಖ ಮೇಲೆ ಮಾಡಿ ಇಡಬೇಕಾ, ಕೆಳಗೆ ಮಾಡಿ ಇಡಬೇಕಾ? ಎರಡೂ ರೀತಿ ಕೂರುತ್ತದೆ.

ಉತ್ತರ: ಕೂರುವುದು ಕೂರುತ್ತದೆ, ಬಿಗಿಯಾಗುತ್ತದಾ ಅನ್ನುವುದು ಮುಖ್ಯ. ಇದು ನನಗೇ ಆದ ಅನುಭವ, ಹೇಳುತ್ತೇನೆ.

ನನ್ನ ಕಾರಿಗೆ ಫುಲ್ ಸೈಜ್ ಅಲಾಯ್ ಇಟ್ಟಾಗ ಚೆಂದ ಕಾಣಲಿ ಅಂತ ಹೊರಮುಖ ಮೇಲೆ ಮಾಡಿದ್ದೆ. ನಡುವಿನ ತೂತಿನಿಂದ ಆ ಉದ್ದ ಸ್ಕ್ರೂ ಇಳಿಸಿ, ದೊಡ್ಡ ಪ್ಲಾಸ್ಟಿಕ್ ಹಿಡಿ ತಿರುಗಿಸಿದೆ. ಒಂದೂವರೆ ಸುತ್ತಿಗೆ ಬಿಗಿಯಾಯಿತು. ಬಿಗಿಯಾಯಿತಲ್ಲ ಅಂತ ಹಲಗೆ ಮುಚ್ಚಿದೆ. ಒಂದು ವಾರದ ಮೇಲೆ ಹಂಪ್ ಹತ್ತಿದಾಗಲೆಲ್ಲ ಹಿಂದಿನಿಂದ ಟಕ್ ಟಕ್ ಅಂತ ಸದ್ದು. ಶಾಕ್ ಅಬ್ಸಾರ್ಬರ್ ಹೋಯಿತೇನೋ ಅಂತ ಹೆದರಿ ಡಿಕ್ಕಿ ತೆಗೆದು ನೋಡಿದರೆ ಸ್ಕ್ರೂ ಕಳಚಿ ಪಕ್ಕಕ್ಕೆ ವಾಲಿತ್ತು, ಚಕ್ರ ಸಡಿಲವಾಗಿ ಗುಂಡಿಯಲ್ಲಿ ಕುಣಿಯುತ್ತಿತ್ತು, ತಳದ ಬಣ್ಣ ಬೆರಳಗಲ ಸವೆದು ತಗಡು ಹೊಳೆಯುತ್ತಿತ್ತು. ಒಂದೂವರೆ ಸುತ್ತಿನ ಹಿಡಿತ ಹಿಡಿತವೇ ಅಲ್ಲ.

ಯಾಕೆ ಹಾಗಾಯಿತು ಅಂದರೆ, ಚಕ್ರ ಹಬ್ಬಿಗೆ (ಚಕ್ರವನ್ನು ಕಾರಿಗೆ ಬಿಗಿಯುವ ನಡುವಿನ ಭಾಗಕ್ಕೆ) ಕೂರುವ ಭಾಗ ಟೈರಿನ ಸರಿ ಮಧ್ಯದಲ್ಲಿ ಇರುವುದಿಲ್ಲ, ಹೊರಮುಖದ ಕಡೆಗೆ ಸರಿದಿರುತ್ತದೆ. ಎಷ್ಟು ಅನ್ನುವುದನ್ನು ರಿಮ್ ಮೇಲೆ ಇಟಿ ಅಂತ ಬರೆದಿರುತ್ತಾರೆ. ಇಟಿ 45 ಅಂದರೆ 45 ಮಿ.ಮೀ. 205 ಅಗಲದ ಟೈರನ್ನು ಹೊರಮುಖ ಮೇಲೆ ಮಾಡಿ ಮಲಗಿಸಿದರೆ ಆ ಭಾಗ ನೆಲದಿಂದ ಸುಮಾರು 147 ಮಿ.ಮೀ. ಮೇಲೆ ಬರುತ್ತದೆ. ತಿರುವಿ ಹಾಕಿದರೆ ಬರೀ 57. ತೆಳ್ಳನೆಯ ಚಕ್ರಕ್ಕೆಂದು ಕೊಟ್ಟ ಸ್ಕ್ರೂ 147ರ ಎತ್ತರಕ್ಕೆ ಎಟುಕುವುದು ಕಷ್ಟ.

ಹಾಗಾಗಿ ನನ್ನ ಮಾತು, ಹೊರಮುಖ ಕೆಳಗೆ. ಆಗ ಮೇಲ್ಗಡೆ ಒಂದು ಆಳವಾದ ಬಟ್ಟಲಿನ ಹಾಗೆ ಜಾಗ ಸಿಗುತ್ತದೆ, ಜಾಕ್, ಸ್ಪ್ಯಾನರ್ ಎಲ್ಲ ಅದರೊಳಗೆ ಕೂರುತ್ತವೆ. ಅಲಾಯ್ ಗೀಚಬಾರದು ಅಂತ ಕೆಳಗೆ ದಪ್ಪ ಬಟ್ಟೆಯೋ ತೆಳು ಫೋಮೋ ಹಾಸಿ. ಒಂದೇ ಒಂದು ತಾಪತ್ರಯ, ಗಾಳಿ ಹಾಕುವ ವಾಲ್ವ್ ಕೂಡ ಕೆಳಗೆ ಹೋಗುತ್ತದೆ. ಗಾಳಿ ನೋಡಬೇಕಾದರೆ ಚಕ್ರ ಎತ್ತಲೇಬೇಕು. ಎರಡು ತಿಂಗಳಿಗೊಮ್ಮೆ ಎತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳಿ, ಅದರ ಜೊತೆ ಗುಂಡಿಯಲ್ಲಿ ನೀರು ನಿಂತಿದೆಯಾ ಅಂತಲೂ ಕಾಣುತ್ತದೆ.

ಯಾವ ರೀತಿ ಇಟ್ಟರೂ ಸ್ಕ್ರೂ ಕಡಿಮೆ ಅಂದರೆ ಏಳೆಂಟು ಸುತ್ತು ಹಿಡಿಯಬೇಕು, ಅದರ ಮೇಲಿನ ಬಿಲ್ಲೆ ಚಕ್ರದ ನಡುವಿನ ತೂತಿಗಿಂತ ಅಗಲ ಇರಬೇಕು. ಸ್ಕ್ರೂ ಗಿಡ್ಡವಾದರೆ ಅದೇ ಮರೆಯ (ಸ್ಕ್ರೂ ಮೈಮೇಲಿನ ಸುತ್ತು ಗೆರೆಯ) ಉದ್ದ ಸ್ಕ್ರೂ ಹುಡುಕಿ. ಅದೇ ಕಾರಿನ ಫುಲ್ ಸೈಜ್ ಸ್ಟೆಪ್ನಿ ಇರುವ ಮಾದರಿ ಇದ್ದರೆ ಅದರ ಸ್ಕ್ರೂ ಸರಿಹೋಗುವ ಸಾಧ್ಯತೆ ಹೆಚ್ಚು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 50 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 20 ಕೆಜಿಯ ಸಡಿಲ ಚಕ್ರ ಸುಮಾರು 280 ಕೆಜಿ ಭಾರದ ಹಾಗೆ ಮುಂದೆ ನುಗ್ಗುತ್ತದೆ. ಅದರ ಮುಂದಿರುವುದು ಹಿಂದಿನ ಸೀಟು, ಅಲ್ಲಿ ಕೂರುವುದು ನಮ್ಮ ಮಕ್ಕಳು, ಅಪ್ಪ ಅಮ್ಮ.

ಪ್ರಶ್ನೆ: ಕಾರಿಗೆ ಅಲಾಯ್ ಚಕ್ರ ಇದೆ. ಸ್ಟೆಪ್ನಿಗೆ ಸ್ಟೀಲ್ ರಿಮ್ ಸಾಕಾ? ಗೆಳೆಯರೊಬ್ಬರ ಹತ್ತಿರ 15 ಇಂಚಿನ ಸ್ಟೀಲ್ ಚಕ್ರ ಇದೆ, ಟೈರ್ 195/65. ನಮ್ಮದು 205/55 ಆರ್16.

ಉತ್ತರ: ಸ್ಟೀಲ್ ಧಾರಾಳ ಸಾಕು. ರಸ್ತೆ ಗುಂಡಿಗೆ ಬಿದ್ದರೆ ಬಗ್ಗುತ್ತದೆ, ಒಡೆಯುವುದಿಲ್ಲ. ನಿಮ್ಮ ಗೆಳೆಯರ ಚಕ್ರದ ಎತ್ತರ 634.5 ಮಿ.ಮೀ., ನಿಮ್ಮದು 631.9. ಮೂರು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ, ಓಡಿಸುವಾಗ ಗೊತ್ತೇ ಆಗುವುದಿಲ್ಲ. ಇಲ್ಲಿಯವರೆಗೆ ಚೆನ್ನಾಗಿದೆ.

ಆದರೆ 15 ಇಂಚಿನ ರಿಮ್ ಒಳಗೆ ನಿಮ್ಮ ಮುಂದಿನ ಬ್ರೇಕ್ ಹಿಡಿಸಬೇಕು. 16 ಇಂಚಿನ ಚಕ್ರದ ಜೊತೆ ಬಂದ ಕಾರುಗಳಲ್ಲಿ ಡಿಸ್ಕ್ ದೊಡ್ಡದಿದ್ದರೆ ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ರಿಮ್ಮಿಗೆ ಉಜ್ಜುತ್ತದೆ. ಹಿಂದೆ ಕೂತಿತು ಅಂತ ಮುಂದೆಯೂ ಕೂರುತ್ತದೆ ಅಂದುಕೊಳ್ಳಬೇಡಿ. ಮುಂದೆಯೇ ಹಾಕಿ, ನಟ್ ಬಿಗಿದು, ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ಸದ್ದು ಬಂತಾ ಕೇಳಿ. ಸ್ಟೇರಿಂಗನ್ನು ಎರಡೂ ತುದಿಗೆ ತಿರುಗಿಸಿ ಇನ್ನೊಮ್ಮೆ ನೋಡಿ.

ನಟ್ ತೂತುಗಳ ಸಂಖ್ಯೆ ಮತ್ತು ಅವು ಕೂತಿರುವ ವೃತ್ತದ ಅಳತೆ, ಅಂದರೆ ಪಿಸಿಡಿ, ಕೂದಲಷ್ಟೂ ಬೇರೆ ಇರಬಾರದು. 5x112 ಇರುವ ಕಾರಿಗೆ 5x114.3 ಕಣ್ಣಿಗೆ ಒಂದೇ ಥರ ಕಾಣುತ್ತದೆ, ಒತ್ತಿ ತಿರುಗಿಸಿದರೆ ಎರಡು ಮೂರು ನಟ್ ಹತ್ತಿಯೂ ಹತ್ತಬಹುದು. ಅದು ಅಪಾಯ, ಓಡುವಾಗ ಸಡಿಲಾಗುತ್ತದೆ. ನಡುವಿನ ತೂತು ನಿಮ್ಮ ಹಬ್ಬಿಗಿಂತ ಸಣ್ಣದಿದ್ದರೆ ಕೂರುವುದೇ ಇಲ್ಲ. ಟೈರಿನ ಭಾರ ಹೊರುವ ಸಂಖ್ಯೆಯನ್ನೂ ನೋಡಿ. 91 ಅಂದರೆ 615 ಕೆಜಿ, 94 ಅಂದರೆ 670. ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುವುದಕ್ಕಿಂತ ಕಡಿಮೆ ಬೇಡ.

ಇನ್ನು ತುಂಬಾ ಜನ ಮರೆಯುವುದು ನಟ್ ಮತ್ತು ಬೋಲ್ಟ್. ಅಲಾಯ್‌ಗೂ ಸ್ಟೀಲಿಗೂ ಕೂರುವ ಆಕಾರ ಬೇರೆ ಇರಬಹುದು, ಒಂದಕ್ಕೆ ಕೋನ್ ಥರ ಚೂಪು, ಇನ್ನೊಂದಕ್ಕೆ ಚೆಂಡಿನ ಥರ ಗುಂಡು. ಬೋಲ್ಟ್ ಹಾಕುವ ಕಾರುಗಳಲ್ಲಿ ಉದ್ದವೂ ಬೇರೆ ಆಗಬಹುದು. ಅಲಾಯ್ ದಪ್ಪ, ಅದರ ಬೋಲ್ಟ್ ಉದ್ದ. ಅದನ್ನೇ ತೆಳು ಸ್ಟೀಲಿಗೆ ಹಾಕಿದರೆ ತುದಿ ಹಬ್ಬಿನ ಆಚೆಗೆ ಚಾಚಿ ಒಳಗಿನ ಬ್ರೇಕ್ ಭಾಗಗಳಿಗೆ ತಗುಲಬಹುದು. ಗಿಡ್ಡ ಬೋಲ್ಟನ್ನು ಅಲಾಯ್‌ಗೆ ಹಾಕಿದರೆ ಮೂರೇ ಸುತ್ತಿಗೆ ನಿಲ್ಲುತ್ತದೆ, ಅದೂ ಸಾಲದು. ಸ್ಟೆಪ್ನಿಗೆ ಬೇರೆ ಸೆಟ್ ಬೇಕು ಅಂತಾದರೆ ಅದನ್ನು ಒಂದು ಗಟ್ಟಿ ಚೀಲದಲ್ಲಿ ಹಾಕಿ, ಮೇಲೆ ಸ್ಟೆಪ್ನಿ ಅಂತ ಬರೆದು, ಚಕ್ರದ ಜೊತೆಗೇ ಕಟ್ಟಿಡಿ. ಕಳ್ಳರ ಕಾಟಕ್ಕೆ ಲಾಕ್ ನಟ್ ಹಾಕಿಸಿದ್ದರೆ ಅದರ ಕೀಲಿಯೂ ಅಲ್ಲೇ ಇರಲಿ.

ಪ್ರಶ್ನೆ: ನಮ್ಮ ಹೊಸ ಕಾರಿಗೆ ಸ್ಟೆಪ್ನಿಯೇ ಕೊಟ್ಟಿಲ್ಲ. ಒಂದು ಬಾಟಲಿ ಅಂಟು, ಒಂದು ಪಂಪು ಅಷ್ಟೇ. ಗುಂಡಿ ಇದೆ, ಆದರೆ ಅದರಲ್ಲಿ ಬ್ಯಾಟರಿ, ಸ್ಪೀಕರ್ ಪೆಟ್ಟಿಗೆ ಕೂತಿವೆ. ಚಕ್ರ ಇಡುವ ದಾರಿ ಇದೆಯಾ?

ಉತ್ತರ: ಆ ಬಾಟಲಿಯನ್ನು ಪೂರ್ತಿ ತೆಗೆದುಹಾಕಬೇಡಿ. ಮೊಳೆ ಚುಚ್ಚಿ ನೆಲ ಮುಟ್ಟುವ ಪಟ್ಟಿಯಲ್ಲಿ ಸಣ್ಣ ತೂತಾದರೆ ಅದು ಕೆಲಸ ಮಾಡುತ್ತದೆ. ಟೈರಿನ ಪಕ್ಕದ ಗೋಡೆ ಸೀಳಿದರೆ, ರಿಮ್ ಬಗ್ಗಿದರೆ ಅದರಿಂದ ಏನೂ ಆಗದು. ಬಾಟಲಿಯ ಮೇಲೆ ಅವಧಿ ಮುಗಿಯುವ ದಿನ ಇರುತ್ತದೆ, ನೋಡಿ.

ಗುಂಡಿಯಲ್ಲಿರುವುದನ್ನು ಕದಲಿಸುವ ಮೊದಲು ಎರಡು ಸಲ ಯೋಚಿಸಿ. ಸ್ಪೀಕರ್ ಪೆಟ್ಟಿಗೆ ಬಿಚ್ಚಿದರೆ ಹಾಡಿನ ಗುಡುಗು ಕಡಿಮೆಯಾಗುತ್ತದೆ ಅಷ್ಟೇ. ಬ್ಯಾಟರಿ ಹಾಗಲ್ಲ. ಅದರಿಂದ ಹೊರಗೆ ಹೋಗುವ ಒಂದು ಸಣ್ಣ ಗಾಳಿ ಕೊಳವೆ ಇರಬಹುದು, ಅದು ಅಪಾಯದ ಅನಿಲವನ್ನು ಡಿಕ್ಕಿಯ ಆಚೆಗೆ ಕಳಿಸುತ್ತದೆ. ಅದನ್ನು ಕೀಳಬಾರದು, ಮಡಚಬಾರದು, ಬ್ಯಾಟರಿಯ ಮೇಲೆ ಚಕ್ರದ ಭಾರ ಹೇರಬಾರದು. ಹೈಬ್ರಿಡ್ ಕಾರಾದರೆ ಹಿಂದಿನ ಸೀಟಿನ ಹತ್ತಿರ ದೊಡ್ಡ ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿ ಇರಬಹುದು, ಚಕ್ರವೋ ಸಾಮಾನೋ ಅದನ್ನು ಮುಚ್ಚಬಾರದು. ಗುಂಡಿಯಲ್ಲಿ ಗ್ಯಾಸ್ ಟ್ಯಾಂಕ್ ಇದ್ದವರಂತೂ ಅದರ ತಂಟೆಗೇ ಹೋಗಬೇಡಿ.

ಮೊದಲು ಒಂದು ಕೆಲಸ ಮಾಡಿ. ನಿಮ್ಮದೇ ಮಾದರಿಗೆ ಬೇರೆ ಕಡೆ ಸ್ಟೆಪ್ನಿ ಕೊಡುತ್ತಾರಾ ಅಂತ ಕೈಪಿಡಿ ಮತ್ತು ಬಿಡಿಭಾಗಗಳ ಪಟ್ಟಿಯಲ್ಲಿ ನೋಡಿ. ಒಂದೇ ಕಾರಿನ ಒಂದು ಮಾದರಿಗೆ ಚಕ್ರ, ಇನ್ನೊಂದಕ್ಕೆ ಬಾಟಲಿ ಕೊಡುವುದು ಇದೆ. ಹಾಗಿದ್ದರೆ ಸ್ಕ್ರೂ, ಹಲಗೆ, ತಟ್ಟೆ ಎಲ್ಲ ತಯಾರು ಸಿಗುತ್ತವೆ.

ಅದೂ ಇಲ್ಲದಿದ್ದರೆ ಚಕ್ರವನ್ನು ಡಿಕ್ಕಿಯ ನೆಲದ ಮೇಲೆಯೇ ಇಡಬೇಕು. ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು ಮಲಗಿಸಿ. ರಿಮ್ಮಿನ ಕಿಂಡಿಯಿಂದ ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಪಟ್ಟಿ ತೂರಿಸಿ ಡಿಕ್ಕಿಯ ನೆಲದಲ್ಲಿರುವ ಕಬ್ಬಿಣದ ಬಳೆಗಳಿಗೆ ಎರಡು ದಿಕ್ಕಿನಿಂದ ಬಿಗಿಯಿರಿ. ಪಕ್ಕದ ಗೋಡೆಯಲ್ಲಿ ಕೈಚೀಲ ನೇತುಹಾಕುವ ಪ್ಲಾಸ್ಟಿಕ್ ಕೊಕ್ಕೆಗೆ ಕಟ್ಟಿದರೆ ಕಟ್ಟದ ಹಾಗೇ. ದಿನವೂ ಹೊತ್ತು ತಿರುಗಬೇಕಾಗಿಲ್ಲ, ಊರೊಳಗೆ ಓಡಾಡುವಾಗ ಮನೆಯಲ್ಲಿಟ್ಟು ದೂರ ಹೊರಟಾಗ ಮಾತ್ರ ಹಾಕಿಕೊಳ್ಳಿ. ಜಾಕ್ ಮತ್ತು ಸ್ಪ್ಯಾನರ್ ಕೊಂಡಿದ್ದೀರಾ? ಸ್ಟೆಪ್ನಿ ಕೊಡದ ಕಾರಿಗೆ ಸಾಮಾನ್ಯವಾಗಿ ಅವನ್ನೂ ಕೊಟ್ಟಿರುವುದಿಲ್ಲ.

ಪ್ರಶ್ನೆ: ನಾಲ್ಕೂ ಹೊಸ ಟೈರ್ ಹಾಕಿಸಿದೆ. ಹಳೆಯದರಲ್ಲಿ ಚೆನ್ನಾಗಿರುವ ಒಂದನ್ನು ಸ್ಟೆಪ್ನಿ ಮಾಡಿದರೆ ಆಗುತ್ತದಾ? ನಮ್ಮದು ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು.

ಉತ್ತರ: ಬೇರೆ ಕಾರಾದರೆ ಆಗಬಹುದು ಅನ್ನುತ್ತಿದ್ದೆ, ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3518 ಅಂದರೆ 2018ರ 35ನೇ ವಾರ ತಯಾರಾದದ್ದು. ಓಡದೆ ಡಿಕ್ಕಿಯಲ್ಲೇ ಇದ್ದರೂ ರಬ್ಬರ್ ಮುದಿಯಾಗುತ್ತದೆ. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತು ವರ್ಷ ಆದದ್ದು ನೋಡಲು ಹೊಸದರ ಹಾಗಿದ್ದರೂ ಎಸೆಯಬೇಕು.

ನಿಮ್ಮ ಕಾರಿಗೆ ಮಾತ್ರ ಬೇಡ. ಸವೆದ ಟೈರ್ ಹೊಸದಕ್ಕಿಂತ ಗಿಡ್ಡ, ಹಾಗಾಗಿ ಜಾಸ್ತಿ ಸುತ್ತು ತಿರುಗುತ್ತದೆ. ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಭಾಗ ಆ ವ್ಯತ್ಯಾಸವನ್ನು ಸದಾ ತಾಳಿಕೊಳ್ಳುತ್ತಾ ಬಿಸಿಯಾಗುತ್ತದೆ. ಅದೇ ಅಳತೆಯ, ಅದೇ ಜಾತಿಯ ಐದನೇ ಟೈರ್ ಕೊಂಡು ಐದನ್ನೂ ಸರದಿಯಲ್ಲಿ ಬದಲಿಸಿ. ಫುಲ್ ಸೈಜ್ ಸ್ಟೆಪ್ನಿಯ ದೊಡ್ಡ ಲಾಭವೇ ಅದು, ಐದೂ ಒಂದೇ ಥರ ಸವೆಯುತ್ತವೆ. ಆದರೆ ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಈ ಸರದಿ ಕಷ್ಟ. ಸ್ಟೆಪ್ನಿ ಒಂದು ಬದಿಗೆ ಮಾತ್ರ ಸರಿಯಾಗಿ ಹೊಂದುತ್ತದೆ, ಇನ್ನೊಂದು ಬದಿಗೆ ಹಾಕಿದಾಗ ಮಳೆಯಲ್ಲಿ ನಿಧಾನ ಹೋಗಬೇಕು.

ಪ್ರಶ್ನೆ: ತೆಳ್ಳನೆಯ ಸ್ಟೆಪ್ನಿ ಇದೆ, ಅದೇ ಸಾಕು ನನಗೆ. ಗಾಳಿ ಎಷ್ಟಿರಬೇಕು?

ಉತ್ತರ: ಸಾಮಾನ್ಯವಾಗಿ 60 ಪಿಎಸ್‌ಐ, ಅಂದರೆ 4.2 ಬಾರ್. ಟೈರ್ ಮೇಲೆಯೇ ಬರೆದಿರುತ್ತದೆ. ಬೇರೆ ನಾಲ್ಕು ಚಕ್ರದ ಹಾಗೆ 32, 33 ಹಾಕಿಸಿದರೆ ಅದು ಅರೆಹೊಟ್ಟೆ. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಿನಲ್ಲಿ ಮುಂದಿನದೇ ಪಂಕ್ಚರ್ ಆದರೆ, ಹಿಂದಿನ ಒಂದು ಒಳ್ಳೆಯ ಚಕ್ರವನ್ನು ಮುಂದೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಿ. ಎರಡು ಸಲ ಜಾಕ್ ಏರಿಸಬೇಕು ನಿಜ. ಆದರೆ ಎಳೆಯುವ, ತಿರುಗಿಸುವ, ಜಾಸ್ತಿ ಬ್ರೇಕ್ ಹಿಡಿಯುವ ಕಡೆ ಪೂರ್ತಿ ಅಗಲದ ಟೈರ್ ಇರುತ್ತದೆ. ಫುಲ್ ಸೈಜ್ ಇಟ್ಟುಕೊಂಡವರು ಕಾರು ತುಂಬಿದಾಗ ಹಾಕುವ ಗಾಳಿಗಿಂತ ಎರಡು ಮೂರು ಪಿಎಸ್‌ಐ ಜಾಸ್ತಿ ಇಟ್ಟಿರಿ. ಬಿಡುವುದು ಸುಲಭ, ರಸ್ತೆ ಬದಿ ತುಂಬುವುದು ಕಷ್ಟ.

ಪ್ರಶ್ನೆ: ಸ್ಟೆಪ್ನಿ ಅನ್ನುವ ಹೆಸರು ಎಲ್ಲಿಂದ ಬಂತು?

ಉತ್ತರ: ವೇಲ್ಸ್ ನಾಡಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಡೇವಿಸ್ ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಅದಕ್ಕೆ ಕಡ್ಡಿಗಳಿರಲಿಲ್ಲ, ಗಾಳಿ ತುಂಬಿದ ಟೈರಿನ ಬರೀ ಬಳೆ. ಪಂಕ್ಚರ್ ಆದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೇ ಕೊಕ್ಕೆ ಹಾಕಿ ಬಿಗಿಯುತ್ತಿದ್ದರು.

ಪ್ರಶ್ನೆ: ಫುಲ್ ಸೈಜ್ ಒಳ್ಳೆಯದು ಅಂತ ಗೊತ್ತು. ಆದರೆ ನನಗೆ ಬೆನ್ನು ನೋವು ಇದೆ, ಅಷ್ಟು ಭಾರ ಡಿಕ್ಕಿಯಿಂದ ಎತ್ತಲು ಆಗುವುದಿಲ್ಲ. ಒಬ್ಬಳೇ ಕಾರು ಓಡಿಸುತ್ತೇನೆ.

ಉತ್ತರ: ಮೇಡಂ, ಎತ್ತಬೇಡಿ, ಉರುಳಿಸಿ. ಸ್ಕ್ರೂ ಬಿಚ್ಚಿದ ಮೇಲೆ ಚಕ್ರದ ದೂರದ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎಳೆದು ಗುಂಡಿಯಲ್ಲೇ ನಿಲ್ಲಿಸಿ. ಡಿಕ್ಕಿಯ ಅಂಚಿಗೆ ದಪ್ಪ ಟವೆಲ್ ಹಾಸಿ, ಚಕ್ರವನ್ನು ಅದರ ಮೇಲೆ ಒರಗಿಸಿ, ಟೈರ್ ನೆಲ ಮುಟ್ಟುವವರೆಗೆ ತಬ್ಬಿಕೊಂಡ ಹಾಗೆ ಮೈಗೆ ಆನಿಸಿಕೊಂಡು ಜಾರಿಸಿ. ತೋಳು ಚಾಚಿ ಹಿಡಿದರೆ ಭಾರವೆಲ್ಲ ಸೊಂಟಕ್ಕೆ ಬರುತ್ತದೆ. ಹೊರಗೆ ಬಂದ ಮೇಲೆ ಅದು ತಾನೇ ಉರುಳುತ್ತದೆ.

ಹಬ್ಬಿಗೆ ಹಾಕುವಾಗಲೂ ಬಗ್ಗಿ ಎತ್ತಬೇಡಿ. ನೆಲದ ಮೇಲೆ ಒಂದು ಚಾಪೆ ಹಾಕಿ ಕೂತುಕೊಳ್ಳಿ, ಚಕ್ರದ ಕೆಳಗೆ ಸ್ಪ್ಯಾನರಿನ ಹಿಡಿಯನ್ನೋ ಒಂದು ಗಟ್ಟಿ ಪಟ್ಟಿಯನ್ನೋ ತೂರಿಸಿ ಮೀಟಿದರೆ ಎರಡು ಮೂರು ಇಂಚು ಸಲೀಸಾಗಿ ಮೇಲೇಳುತ್ತದೆ. ಮೊದಲು ಮೇಲಿನ ತೂತನ್ನು ಹೊಂದಿಸಿ, ಒಂದು ನಟ್ ಹತ್ತಿತು ಅಂದರೆ ಉಳಿದವು ತಾವೇ ಸಾಲಿಗೆ ಬರುತ್ತವೆ. ನಿಮ್ಮದು ಬೋಲ್ಟ್ ಹಾಕುವ ಕಾರಾದರೆ ತಲೆ ಇಲ್ಲದ ಉದ್ದ ಕಡ್ಡಿಯೊಂದು ಸಿಗುತ್ತದೆ, ಅದೇ ಮರೆಯದು. ಅದನ್ನು ಮೇಲಿನ ತೂತಿಗೆ ತಿರುಗಿಸಿಟ್ಟು ಚಕ್ರವನ್ನು ಅದಕ್ಕೆ ನೇತುಹಾಕಬಹುದು. ಬಿಚ್ಚಿದ ಚಕ್ರವನ್ನು ಕೆಲಸ ಮುಗಿಯುವವರೆಗೆ ಕಾರಿನ ಪಕ್ಕದ ಅಂಚಿನ ಕೆಳಗೆ ಮಲಗಿಸಿಡಿ, ಜಾಕ್ ಜಾರಿದರೂ ಕಾರು ಪೂರ್ತಿ ನೆಲಕ್ಕೆ ಬೀಳದು.

ಕೊನೆಗೆ ಪಂಕ್ಚರ್ ಆದ ಚಕ್ರವನ್ನು ಡಿಕ್ಕಿಗೆ ಏರಿಸುವುದು ಇಳಿಸಿದ್ದಕ್ಕಿಂತ ಕಷ್ಟ. ಅದಕ್ಕೆ ಮಾತ್ರ ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆಯಿರಿ, ಒಂದೇ ನಿಮಿಷದ ಕೆಲಸ. ನಟ್‌ಗಳನ್ನು ಕಾರು ನೆಲಕ್ಕೆ ಇಳಿಸಿದ ಮೇಲೆ ಎದುರುಬದುರಾಗಿ ಬಿಗಿಯಿರಿ, 50 ಕಿ.ಮೀ. ಓಡಿದ ಮೇಲೆ ಎಲ್ಲಿಯಾದರೂ ನಿಲ್ಲಿಸಿ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.